ಊಟ ಆಯ್ತಾ ಎಂದು ಕೇಳದ ಗಡಿಯಾರ

ಹೋದ ವರ್ಷ ನಾಲ್ಕು ತಿಂಗಳ ಕಾಲ ನನ್ನ ಹೆಂಡತಿ ನನ್ನನ್ನು "ಊಟ ಆಯ್ತಾ?" ಎಂದು ಕೇಳಲಿಲ್ಲ. ಜಗಳವಾಡಿ ಮಾತು ಬಿಟ್ಟಿದ್ದಳು ಎಂದುಕೊಳ್ಳಬೇಡಿ. ಜಗಳವಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಮ್ಮ ಮೈಸೂರು ಕಡೆಯವರು ಜಗಳದ ನಡುವೆಯೂ ಊಟದ ವಿಚಾರ ಕೇಳುವುದನ್ನು ಬಿಡುವವರಲ್ಲ. ಅವಳು ಕೇಳದೆ ಹೋದದ್ದಕ್ಕೆ ಕಾರಣ ಒಂದು ಗಡಿಯಾರ. ಅದನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲಾ ಉರಿಯುತ್ತದೆ.

ನಮ್ಮದು ಎರಡು ಊರಿನ ಸಂಸಾರ. ನಾನು ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿದ್ದೇನೆ, ಮನೆ ಕಳಮಶ್ಶೇರಿಯಲ್ಲಿ, ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿ. ನನ್ನ ಹೆಂಡತಿ ವಿಶಾಲು ತಿರುವನಂತಪುರದಲ್ಲಿ ರಾಕೆಟ್ಟುಗಳ ಸಹವಾಸದ ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ಎಂಜಿನಿಯರು. ಶುಕ್ರವಾರ ಸಂಜೆ ಇಬ್ಬರಲ್ಲಿ ಒಬ್ಬರು ರೈಲು ಹತ್ತುತ್ತೇವೆ. ಉಳಿದ ದಿನಗಳಲ್ಲಿ ಸಂಸಾರ ನಡೆಯುವುದು ಫೋನಿನಲ್ಲಿ. ಮಧ್ಯಾಹ್ನ ಒಂದೂವರೆಗೆ ಅವಳ ಫೋನು, "ಊಟ ಆಯ್ತಾ?" ನಾನು, "ಆಯ್ತು, ನಿಂದು?" ಅವಳು, "ಆಯ್ತು. ಏನ್ ಹುಳಿ?" ನಾನು, "ನುಗ್ಗೇಕಾಯಿ." ಅಷ್ಟೆ. ಹೀಗೆ ಎರಡು ಊರಾಗಿ ಆರು ವರ್ಷ, ನಾವು ಇದಕ್ಕಿಂತ ದೊಡ್ಡ ಪ್ರೇಮ ಸಂಭಾಷಣೆ ನಡೆಸಿದ ನೆನಪಿಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ.

ಈ ಪ್ರಶ್ನೆಗೆ ನಮ್ಮಲ್ಲಿ ಒಂದು ಶಾಸ್ತ್ರವಿದೆ, ನಿಮಗೂ ಗೊತ್ತು. ಯಾರು ಕೇಳಿದರೂ "ಆಯ್ತು" ಎನ್ನಬೇಕು. ನಾನು ಏಳು ವರ್ಷದವನಿದ್ದಾಗ ಅಮ್ಮ ಪಕ್ಕದ ಮನೆಯ ಸಾವಿತ್ರಮ್ಮನವರಿಗೆ ಒರಳು ಬಾಚುವ ಮರದ ಚಮಚ ಹಿಂದಿರುಗಿಸಿ ಬಾ ಎಂದು ಕಳಿಸಿದ್ದಳು. ಅವರು "ಊಟ ಆಯ್ತೇನೋ ಮರಿ?" ಎಂದರು. ನಾನು ಸತ್ಯಸಂಧ, "ಇನ್ನೂ ಇಲ್ಲ" ಎಂದೆ. ತಕ್ಷಣ ಎಲೆ ಬಿತ್ತು. ಮಾವಿನಕಾಯಿ ಚಿತ್ರಾನ್ನ, ಅದರ ಮೇಲೆ ಕರಿದ ಹಪ್ಪಳ. ಹೊಟ್ಟೆ ತುಂಬಿಸಿಕೊಂಡು ಮನೆಗೆ ಬಂದಾಗ ಅಮ್ಮ ಬೆನ್ನಿಗೆ ಎರಡು ಕೊಟ್ಟಳು. "ಹಸಿದಿದ್ರೂ ಆಯ್ತು ಅನ್ಬೇಕು ಕಣೋ, ಮಾನ ಕಳೆದ್ಯಲ್ಲ!" ಎಂದಳು. "ಹಾಗಾದ್ರೆ ಅವರು ಯಾಕೆ ಕೇಳ್ತಾರೆ?" ಎಂದು ನಾನು ಅಳುತ್ತಾ ಕೇಳಿದೆ. ಅಮ್ಮ ಸೆರಗಿನಿಂದ ನನ್ನ ಮೂಗು ಒರೆಸುತ್ತಾ, "ಕೇಳೋರು ಬಾಯಿ ನೋಡಲ್ಲ, ಮುಖ ನೋಡ್ತಾರೆ" ಎಂದಳು. ಅದು ನನಗೆ ಆಗ ಅರ್ಥವಾಗಲಿಲ್ಲ. ಐವತ್ತು ದಾಟಿದ ಮೇಲೂ ಅರ್ಥವಾಗಿರಲಿಲ್ಲ ಎಂಬುದೇ ಈ ಕತೆ.

ಗಡಿಯಾರಕ್ಕೆ ಬರುತ್ತೇನೆ. ಗಡಿಯಾರವೆಂದರೆ ನನಗೆ ನಮ್ಮ ತಂದೆಯದು. ಬೆಳಿಗ್ಗೆ ಎಂಟಕ್ಕೆ ಕೀ ಕೊಟ್ಟು, ಕಿವಿಗೆ ಹಿಡಿದು, ಬದುಕಿದೆಯೇ ಎಂದು ಕೇಳಿಸಿಕೊಂಡು ಕಟ್ಟಿಕೊಳ್ಳುತ್ತಿದ್ದರು. ಮನುಷ್ಯ ಗಡಿಯಾರದ ಎದೆಬಡಿತ ಕೇಳುತ್ತಿದ್ದ ಕಾಲ ಅದು. ಈಗ ಗಡಿಯಾರವೇ ಮನುಷ್ಯನದನ್ನು ಕೇಳುತ್ತದೆ. ನನ್ನ ಐವತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ವಿಶಾಲು ಅಂಥದ್ದೊಂದನ್ನು ನನ್ನ ಕೈಗೆ ಕಟ್ಟಿದಳು. ಕಪ್ಪಗೆ, ಚೌಕವಾಗಿ, ಪರವಾಗಿಲ್ಲ ಎನ್ನುವ ಹಾಗಿತ್ತು. ಅದಕ್ಕೆ ಪ್ರತ್ಯೇಕ ಸಿಮ್ಮು. ಫೋನು ಹತ್ತಿರವಿಲ್ಲದಿದ್ದರೂ ತಾನೇ ಚಾಡಿ ಹೇಳಬಲ್ಲ ಜಾತಿ. ನನ್ನ ನಾಡಿ, ನಡಿಗೆ, ನಿದ್ದೆ, ಎಲ್ಲವೂ ಆ ಕ್ಷಣಕ್ಕೆ ತಿರುವನಂತಪುರದಲ್ಲಿ ಅವಳ ಫೋನಿಗೆ ಹೋಗುತ್ತಿತ್ತು. ಜೊತೆಗೆ ಒಂದು ಆ್ಯಪು. ಉಣ್ಣುವ ಮೊದಲು ತಟ್ಟೆಯ ಫೋಟೊ ತೆಗೆಯಬೇಕು, ಏನು ತಿಂದೆ, ಎಷ್ಟು ತಿಂದೆ ಎಂದು ಅದೇ ಲೆಕ್ಕ ಹಾಕುತ್ತದೆ. ಅದರ ಬುದ್ಧಿ ಎಂಥದ್ದೆಂದರೆ, ಒಂದು ಭಾನುವಾರ ನಾನು ಮಾಡಿಕೊಂಡ ರಾಗಿಮುದ್ದೆಯ ಫೋಟೊ ನೋಡಿ "ಚಾಕೊಲೇಟ್ ಐಸ್‌ಕ್ರೀಮ್, ಎರಡು ಬಟ್ಟಲು" ಎಂದು ಬರೆಯಿತು. ಐದು ನಿಮಿಷದಲ್ಲಿ ಫೋನು. "ಯಾಕ್ರೀ, ಸಕ್ಕರೆ ಬಾರ್ಡರ್‌ನಲ್ಲಿದೆ ಅಂತ ಡಾಕ್ಟ್ರು ಹೇಳಿಲ್ವಾ?" ನಾನು ಮುದ್ದೆ ಕಣೇ ಎಂದು ಅಂಗಲಾಚಿದೆ. "ಸೊಪ್ಪಿನ ಸಾರಲ್ಲಿ ಐಸ್‌ಕ್ರೀಮ್ ಅದ್ದಿಕೊಂಡು ತಿನ್ನೋ ಮಗ ಯಾರೇ ಇದ್ದಾನೆ?" ಎಂದು ಕೇಳಿದ ಮೇಲೆ ನಂಬಿದಳು.

ಆದರೆ ಮೆಲ್ಲಮೆಲ್ಲಗೆ ಒಂದೂವರೆಯ ಫೋನು ನಿಂತಿತು. ನಾನೇ ಮಾಡಿದರೆ, "ನೋಡ್ದೆ ರೀ, ಅವಿಯಲ್ ತಿಂದಿದ್ದೀರಿ. ಮೀಟಿಂಗಿದೆ, ಇಡ್ತೀನಿ" ಎನ್ನುತ್ತಿದ್ದಳು. ಗೊತ್ತಿರುವುದನ್ನು ಯಾಕೆ ಕೇಳಬೇಕು? ಎಂಜಿನಿಯರ ತರ್ಕ. ತಪ್ಪು ಹುಡುಕಲಾಗದು. ನಾನು ಮಾತ್ರ ಡಬ್ಬಿಯನ್ನು ಅರ್ಧಕ್ಕೇ ಮುಚ್ಚತೊಡಗಿದೆ. ನಾನು ಉಂಡದ್ದು ಅವಳಿಗೆ ಗೊತ್ತಾಗುತ್ತಿತ್ತು, ನಾನು ಅವಳಿಗೆ ಹೇಳುತ್ತಿರಲಿಲ್ಲ. ಈ ವ್ಯತ್ಯಾಸವನ್ನು ಅವಳಿಗೆ ಹೇಗೆ ಹೇಳುವುದು? ಐವತ್ತನಾಲ್ಕರ ಗಂಡಸು ಫೋನು ಮಾಡಿ "ನನ್ನನ್ನು ಊಟ ಆಯ್ತಾ ಅಂತ ಕೇಳು" ಎನ್ನಲು ನಾಚಿಕೆಯಾಗುವುದಿಲ್ಲವೇ?

ಎಲ್ಲೆಲ್ಲೂ ಇದೇ ಗ್ರಹಚಾರ ನೋಡಿ. ತಿರುವನಂತಪುರದ ಚಾಲೈ ಪೇಟೆಯಲ್ಲಿ ನಮಗೊಬ್ಬ ಮಸಾಲೆ ವ್ಯಾಪಾರಿಯ ಪರಿಚಯವಿತ್ತು. ಅಂಗಡಿಗೆ ಹೋದರೆ ಮೊದಲು ಅಂಗೈಗೆ ನಾಲ್ಕು ಮೆಣಸಿನ ಕಾಳು ಹಾಕುತ್ತಿದ್ದ. ಕಚ್ಚಿ ನೋಡಬೇಕು, ಕಣ್ಣಲ್ಲಿ ನೀರು ಬಂದರೆ ಅವನ ಮುಖ ಅರಳುತ್ತಿತ್ತು, ಆಮೇಲೆಯೇ ತಕ್ಕಡಿ. ಈಗ ಅವನ ಮಗ ಮುಂದೆ ಕೂತಿದ್ದಾನೆ. ಎಲ್ಲ ಪ್ಯಾಕೆಟ್ಟು, ಪ್ಯಾಕೆಟ್ಟಿನ ಮೇಲೆ ಕಪ್ಪು ಚೌಕ, ಅದಕ್ಕೆ ಫೋನು ಹಿಡಿದರೆ ಮೆಣಸು ಬೆಳೆದ ತೋಟದ ವಿಡಿಯೊ ಬರುತ್ತದೆ. ತೋಟ ಕಟ್ಟಿಕೊಂಡು ನಾನೇನು ಮಾಡಲಿ? ಕಾಳು ಕೊಡಪ್ಪಾ ಎಂದರೆ "ಅಂಕಲ್, ಆ್ಯಪಿಲ್ ರಿವ್ಯೂ ಉಂಡಲ್ಲೋ" ಎಂದ, ಆ್ಯಪಿನಲ್ಲಿ ರಿವ್ಯೂ ಇದೆಯಲ್ಲ ಎಂದು. ಮೆಣಸು ಖಾರವೋ ಇಲ್ಲವೋ ಎಂಬುದನ್ನು ಇನ್ಯಾರೋ ತಿಂದು ಬರೆದಿದ್ದಾರಂತೆ. ಒಳಗೆ ಗೋಣಿಯ ಮೇಲೆ ಕೂತಿದ್ದ ಮುದುಕ, ಅವನಪ್ಪ, ನನ್ನನ್ನು ನೋಡಿ ಎರಡೂ ಕೈ ಮೇಲೆತ್ತಿದ. ನಾನಾದರೂ ಯಾವ ಬಾಯಿಂದ ಬೈಯಲಿ? ನನ್ನ ಬ್ಯಾಂಕಿನಲ್ಲೇ ಗಿರಾಕಿಗಳ ದೂರು ಕೇಳಲು ಒಂದು ಮಾತಾಡುವ ಯಂತ್ರ ಕೂರಿಸಿದ್ದಾರೆ. ಹೋದ ತಿಂಗಳು ಗಂಡ ತೀರಿಕೊಂಡ ಹೆಂಗಸೊಬ್ಬಳು ಖಾತೆ ಮುಚ್ಚುವುದು ಹೇಗೆಂದು ಕೇಳಿದರೆ ಅದು "ತುಂಬಾ ಒಳ್ಳೆಯ ಪ್ರಶ್ನೆ!" ಎಂದಿತಂತೆ. ಆಕೆಗೆ ಕ್ಷಮೆ ಕೇಳುವ ಕೆಲಸ ಮಾತ್ರ ಯಂತ್ರಕ್ಕೆ ಬರುವುದಿಲ್ಲವಾದ್ದರಿಂದ ನನ್ನ ಪಾಲಿಗೆ ಬಂತು.

ಇದೇ ಬ್ಯಾಂಕಿಗೆ ನಮ್ಮ ಆರೋಗ್ಯದ ಚಿಂತೆ ಹತ್ತಿತು. ಯಾರು ಹೆಚ್ಚು ಹೆಜ್ಜೆ ಹಾಕುತ್ತಾರೋ ಅವರಿಗೆ ಬಹುಮಾನ, ದಿನವೂ ಗಡಿಯಾರದ ಅಂಕಿ ತೋರಿಸುವ ಪಟ್ಟಿ. ಮೊದಲ ವಾರ ನನ್ನ ಹೆಸರು ಕಟ್ಟಕಡೆಗೆ. ನನಗಿಂತ ಮೇಲೆ, ಮಂಡಿ ಆಪರೇಷನ್ ಮಾಡಿಸಿಕೊಂಡು ರಜೆಯಲ್ಲಿದ್ದ ಒಬ್ಬರು! ಅತ್ತ ವಿಶಾಲುವಿನಿಂದಲೂ ದಿನಕ್ಕೊಂದು ಸಂದೇಶ, "ಸ್ವಲ್ಪ ನಡೀರಿ." ಈ ಎರಡು ಕಡೆಯ ಕಾಟಕ್ಕೆ ನಾನು ಒಂದು ಉಪಾಯ ಕಂಡುಹಿಡಿದೆ. ಕಂಡುಹಿಡಿದೆ ಎನ್ನುವುದಕ್ಕಿಂತ, ಅದು ತಾನಾಗಿ ಬೆಳಿಗ್ಗೆ ಏಳೂವರೆಗೆ ಬಾಗಿಲು ತಟ್ಟಿತು.

ಗ್ರೇಸಿ ಚೇಚಿ ನಮ್ಮ ಮನೆಯ ಅಡಿಗೆ ಮತ್ತು ಮನೆಗೆಲಸದವಳು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಕಿರಿಯಳೇ, ಆದರೆ ಇಡೀ ಕಟ್ಟಡಕ್ಕೆ ಅವಳು ಚೇಚಿ, ಅಂದರೆ ಅಕ್ಕ. ವಿಶಾಲು ಫೋನಿನಲ್ಲೇ ಹೇಳಿಕೊಟ್ಟು ಅವಳಿಗೆ ಹುಳಿ, ಬಿಸಿಬೇಳೆಭಾತು ಎಲ್ಲ ಕಲಿಸಿದ್ದಳು. ನನ್ನ ಡಬ್ಬಿ ಕಟ್ಟಿ, ಮನೆ ಗುಡಿಸಿ ಒರೆಸಿ, ಅದೇ ಕಟ್ಟಡದ ಇನ್ನೆರಡು ಮನೆ ಮುಗಿಸಿ ಅವಳು ಹೊರಡುವಾಗ ಮಧ್ಯಾಹ್ನ ಮೂರು. ಮೆಟ್ಟಿಲು ಹತ್ತುವುದು ಇಳಿಯುವುದು ಎಷ್ಟು ಸಲವೋ ದೇವರಿಗೇ ಗೊತ್ತು. ಇನ್ನು ಮುಂದೆ ಬ್ಯಾಂಕಿಗೂ ಗೊತ್ತಾಗಲಿ ಎಂದುಕೊಂಡೆ. ಗಡಿಯಾರ ಬಿಚ್ಚಿ ಅವಳ ಕೈಗೆ ಕಟ್ಟಿದೆ. ವಿಷಯ ತಿಳಿದು ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಸಾರಿಂಡೆ ನಡಪ್ಪ್ ಞಾನ್ ನಡಕ್ಕಣೋ?" ಸಾರ್ ಅವರ ನಡಿಗೆಯನ್ನು ನಾನು ನಡೆಯಬೇಕೇ ಎಂದು. ಹೌದು ಚೇಚಿ, ನಿನಗೇನು ಹೋಯಿತು, ಹೇಗೂ ನಡೆಯುತ್ತೀಯ ಎಂದೆ. ಸಂಜೆ ಬಂದು ಅಡಿಗೆಮನೆಯ ಕಿಟಕಿಯ ಕಟ್ಟೆಯಿಂದ ನನ್ನ ದಿನದ ವ್ಯಾಯಾಮವನ್ನು ಎತ್ತಿಕೊಳ್ಳುತ್ತಿದ್ದೆ.

ಮೂರೇ ವಾರದಲ್ಲಿ ನಾನು ಪಟ್ಟಿಯ ಮೊದಲಿಗ. ತೆಂಗಿನಕಾಯಿ ತುರಿಯುವುದನ್ನು ಆ ಯಂತ್ರ ಓಟವೆಂದು ಬರೆದುಕೊಳ್ಳುತ್ತಿತ್ತು, ಆದ್ದರಿಂದ ಅವಿಯಲ್ ದಿನ ನನಗೆ ವಿಶೇಷ ಅಂಕ. ವಿಶಾಲು ಸಂತೋಷದಿಂದ, "ಎಷ್ಟು ಚುರುಕಾಗಿದ್ದೀರಿ ರೀ!" ಎಂದು ಬರೆದಳು. ಮ್ಯಾನೇಜರು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿ ಒಂದು ಸ್ಟೀಲ್ ನೀರಿನ ಬಾಟಲಿ ಕೊಟ್ಟರು. ನಾನು ಹೊಟ್ಟೆ ಒಳಗೆಳೆದುಕೊಂಡು ಫೋಟೊಗೆ ನಿಂತೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಧೈರ್ಯ ಸಾಲದು. ಆ ದಿನಗಳಲ್ಲಿ ಎರಡು ಮೂರು ಸಲ ನಾನು ಚೇಚಿ ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಬಕೆಟ್ಟು ಪಕ್ಕಕ್ಕಿಟ್ಟು ಕೂತಿದ್ದನ್ನು ನೋಡಿದ್ದೆ. ಕೈ ಎದೆಯ ಮೇಲಿತ್ತು. ನಾನು ಇಳಿಯುತ್ತಾ, "ಊಣು ಕಳಿಞ್ಞೋ ಚೇಚಿ?" ಎಂದೆ. ಊಟ ಆಯ್ತಾ ಎಂದೇ ಅದರ ಅರ್ಥ, ಅವರ ಭಾಷೆಯಲ್ಲೂ ಇದೇ ಶಾಸ್ತ್ರ. "ಕಳಿಞ್ಞು ಸಾರೇ" ಎಂದಳು, ಆಯ್ತು ಅಂತ. ಬೆಳಿಗ್ಗೆ ಒಂಬತ್ತು ಗಂಟೆಗೆ ಯಾರಿಗೆ ಊಟವಾಗಿರುತ್ತದೆ? ನಾನು ಉತ್ತರ ಕೇಳಿಸಿಕೊಳ್ಳುವ ಮೊದಲೇ ಒಂದನೆಯ ಮಹಡಿಗೆ ಇಳಿದಿದ್ದೆ. ಒಂದು ದಿನ ಅಂತೂ, "ಕೂತರೆ ನನ್ನ ಹೆಜ್ಜೆ ಕಡಿಮೆಯಾಗುತ್ತೆ ಚೇಚಿ" ಎಂದು ತಮಾಷೆಯನ್ನೂ ಮಾಡಿದೆ. ಅವಳು ನಕ್ಕು ಎದ್ದಳು.

ಬಾಟಲಿ ಸಿಕ್ಕಿದ ಮರುವಾರ, ಬುಧವಾರ. ಬ್ಯಾಂಕಿನಲ್ಲಿ ಬೆಳಿಗ್ಗೆಯಿಂದ ಮೇಲಧಿಕಾರಿಗಳ ಸಭೆ, ಫೋನುಗಳನ್ನೆಲ್ಲ ಹೊರಗೆ ಬುಟ್ಟಿಗೆ ಹಾಕಿಸಿದ್ದರು. ಹನ್ನೆರಡಕ್ಕೆ ಹೊರಗೆ ಬಂದು ನೋಡಿದರೆ ವಿಶಾಲುವಿನ ಇಪ್ಪತ್ತಾರು ಕರೆ. ನಾನು ಮಾಡಿದ ಕೂಡಲೇ ರೈಲಿನ ಸದ್ದಿನ ನಡುವೆ ಅವಳ ಅಳು.

"ಎಲ್ಲಿದ್ದೀರಿ? ಯಾವ ಆಸ್ಪತ್ರೆ?"

"ಯಾವ ಆಸ್ಪತ್ರೆನೂ ಇಲ್ಲ ಕಣೇ, ಬ್ಯಾಂಕಲ್ಲಿದ್ದೀನಿ. ವಡೆ ತಿಂತಿದ್ದೀನಿ."

"ವಡೆ ಬಿಸಾಕ್ರಿ ಮೊದಲು! ಎದೆಬಡಿತ ತಪ್ಪುತಿದೆ ಅಂತ ಬೆಳಿಗ್ಗೆಯಿಂದ ಮೂರು ಸಲ ಬಂತು. ನಿಮ್ಮ ಆಫೀಸಿಗೆ ಮಾಡಿದ್ರೆ ಮೀಟಿಂಗು ಅಂತಾರೆ. ಕೊಲ್ಲಂ ದಾಟಿದೆ, ಎರಡು ಗಂಟೆಗೆ ಬರ್ತೀನಿ."

"ನಾನು ಚೆನ್ನಾಗಿದ್ದೀನಿ ವಿಶಾಲು!"

"ಗಡಿಯಾರ ಹಾಗೆ ಹೇಳ್ತಿಲ್ಲ. ಮಾತಾಡ್ಬೇಡಿ. ಮೆಟ್ಲು ಹತ್ಬೇಡಿ. ಕೂತಿರಿ." ಲೈನು ಕಡಿಯಿತು.

ಬದುಕಿರುವ ಗಂಡನೇ ಖುದ್ದಾಗಿ ಚೆನ್ನಾಗಿದ್ದೇನೆ ಎಂದರೆ ನಂಬಿಕೆಯಿಲ್ಲ, ಗಡಿಯಾರ ಹೇಳಬೇಕು! ನನಗೆ ರೇಗಿಹೋಯಿತು. ರೇಗಿದ ಮರುಕ್ಷಣ ಭಯ ಹತ್ತಿತು, ಕಳ್ಳತನ ಬಯಲಾಗುತ್ತದಲ್ಲ! ಎರಡು ಗಂಟೆ ಹೊತ್ತು ನಾನು ಅದನ್ನೇ ಯೋಚಿಸಿದೆ. ಗಡಿಯಾರ ಕೆಟ್ಟಿದೆ ಎನ್ನಲೇ? ನೀರಿಗೆ ಬಿದ್ದಿತ್ತು ಎನ್ನಲೇ? ಮುದ್ದೆಯನ್ನು ಐಸ್‌ಕ್ರೀಮ್ ಎಂದ ಕುಲದ್ದು, ಈಗಲೂ ಏನೋ ಒದರಿದೆ ಎಂದರೆ ನಂಬುತ್ತಾಳೆ ಎಂದು ಸಮಾಧಾನವೂ ಆಯಿತು. ಒಳಗೊಳಗೆ ಗೆದ್ದೆ ಎಂದು ಬೀಗಿದೆ ಎಂದರೂ ಸುಳ್ಳಲ್ಲ. ಆ ಎರಡು ಗಂಟೆಯಲ್ಲಿ ಬೇರೆ ಯಾವ ಯೋಚನೆಯೂ ನನಗೆ ಬರಲಿಲ್ಲ. ಇದನ್ನು ಬರೆಯುವಾಗ ಕೈ ನಾಚುತ್ತದೆ, ಆದರೂ ಬರೆಯುತ್ತಿದ್ದೇನೆ.

ಎರ್ನಾಕುಲಂ ಸ್ಟೇಷನ್ನಿಗೆ ಹೋಗಿ ಕಾಯುತ್ತಿದ್ದೆ. ರೈಲಿನಿಂದ ಇಳಿದವಳು ಆಫೀಸಿನ ಗುರುತಿನ ಚೀಟಿ ಕೊರಳಲ್ಲಿ ಹಾಗೇ ನೇತಾಡುತ್ತಿದ್ದಂತೆ ಓಡಿಬಂದು ನನ್ನ ಎಡಗೈ ಹಿಡಿದಳು. ನಾಡಿ ನೋಡಲು ಬೆರಳಿಟ್ಟವಳು ಬರಿಯ ಮಣಿಕಟ್ಟು ಕಂಡು ನಿಂತಳು.

"ಗಡಿಯಾರ ಎಲ್ಲಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮಣಿಕಟ್ಟನ್ನು ಹಿಂದೆ ಮುಚ್ಚಿಟ್ಟುಕೊಂಡೆ. ಆಮೇಲೆ ಎಲ್ಲ ಹೇಳಿದೆ. ಬಾಟಲಿ, ಪಟ್ಟಿ, ತೆಂಗಿನಕಾಯಿ, ಎಲ್ಲ. ಪ್ಲಾಟ್‌ಫಾರಂ ಮೇಲೆ ಅವಳು ಬೈದ ಬೈಗುಳ ಅಪ್ಪಟ ಮೈಸೂರಿನದು, ಸುತ್ತಲಿದ್ದವರಿಗೆ ಕನ್ನಡ ಬರುವುದಿಲ್ಲವೆಂಬ ಧೈರ್ಯದಲ್ಲಿ ಧಾರಾಳವಾಗಿಯೇ ಬೈದಳು. ನಾನು ತಲೆ ತಗ್ಗಿಸಿ, ಸದ್ಯ ಇಷ್ಟಕ್ಕೆ ಮುಗಿಯಿತಲ್ಲ ಎಂದುಕೊಳ್ಳುತ್ತಿದ್ದೆ. ಅರ್ಧದಲ್ಲಿ ಅವಳ ಬೈಗುಳ ನಿಂತಿತು. ಕೈಯಲ್ಲಿದ್ದ ಫೋನಿನಲ್ಲಿ ನಾಡಿಯ ಅಂಕಿ ಇನ್ನೂ ಕೆಂಪಗೆ ಮಿನುಗುತ್ತಿದ್ದುದನ್ನು ನೋಡಿದಳು.

"ಹಾಗಾದ್ರೆ, ಅದು ಯಾರ ಎದೆ ರೀ?" ಎಂದಳು.

ಕಳಮಶ್ಶೇರಿಗೆ ಆಟೊ ಹಿಡಿದೆವು. ದಾರಿಯುದ್ದಕ್ಕೂ ಚೇಚಿಗೆ ಫೋನು ಮಾಡಿದರೂ ಎತ್ತಲಿಲ್ಲ. ವಿಶಾಲುವಿನ ಫೋನಿನಲ್ಲಿ ಆ ಕೆಂಪು ಅಂಕಿ ಮಾತ್ರ ಏರುತ್ತಾ ಇಳಿಯುತ್ತಾ ಇತ್ತು. ನಾನು ಅದನ್ನೇ ನೋಡುತ್ತಾ, ಅಂಕಿ ಬರುತ್ತಿರಲಿ ದೇವರೇ, ನಿಲ್ಲದಿರಲಿ ಎಂದು ಬೇಡಿಕೊಂಡೆ. ನಾನು ಬೈದಾಡಿದ ಅದೇ ಯಂತ್ರವನ್ನು! ಚೇಚಿ ಅದೇ ಎರಡನೆಯ ಮಹಡಿಯ ತಿರುವಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ನನ್ನ ಗಡಿಯಾರ. ನಮ್ಮನ್ನು ನೋಡಿ ಏಳಲು ಹೋಗಿ ಆಗದೆ ಕೂತು, "ಒನ್ನುಮಿಲ್ಲ ಸಾರೇ" ಎಂದಳು. ಏನೂ ಇಲ್ಲವಂತೆ. ತುಟಿ ಬಿಳಿಚಿತ್ತು, ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಅವಳು ನಮ್ಮ ಮನೆಗೆ ಬಂದು ಐದು ವರ್ಷ. ಅವಳ ಮುಖವನ್ನು ನಾನು ನಿಂತು ನೋಡಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಡಾಕ್ಟರು ಪರದೆ ನೋಡುತ್ತಾ ಹೇಳಿದರು, ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೃದಯದ ಕವಾಟವನ್ನು ಕೆಡಿಸಿದೆ, ಬಹಳ ವರ್ಷದಿಂದ ಹೀಗೇ ನಡೆಸಿಕೊಂಡು ಬಂದಿದ್ದಾಳೆ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು. ಆಮೇಲೆ ನನ್ನ ಕಡೆ ತಿರುಗಿ, "ಗಡಿಯಾರ ಕಟ್ಟಿದ್ದು ಒಳ್ಳೆಯದಾಯ್ತು. ಯಾರ ಯೋಚನೆ?" ಎಂದು ಕೇಳಿದರು. ವಿಶಾಲು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಹೃದಯದ ಚಿತ್ರ ನೋಡಿದೆ. ಚೇಚಿ ಹಾಸಿಗೆಯಿಂದಲೇ "ಸಾರಿಂಡೆ" ಎಂದಳು, ಸಾರ್ ಅವರದು ಎಂದು. ಮಾನ ಉಳಿಸಿದಳು. ಅಮ್ಮ ಬೆನ್ನಿಗೆ ಕೊಟ್ಟ ಎರಡು ಏಟೂ ಇದರ ಮುಂದೆ ಏನೂ ಅಲ್ಲ.

ಕವಾಟವನ್ನು ಬಲೂನಿನಿಂದ ಅಗಲಿಸಿದರು, ಮಾತ್ರೆ ಶುರುವಾಯಿತು. ಮೂರು ತಿಂಗಳು ಚೇಚಿಗೆ ತನ್ನ ಮನೆಯಲ್ಲಿ ವಿಶ್ರಾಂತಿ, ನಾನು ಅಡಿಗೆಮನೆಯಲ್ಲಿ. ಗುಡಿಸಿ ಒರೆಸಿ ಮೂರು ಮಹಡಿ ಹತ್ತಿಳಿದಾಗ ನನ್ನ ಹೆಜ್ಜೆ ಎಣಿಸಲು ಯಾವ ಗಡಿಯಾರವೂ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ಬ್ಯಾಂಕಿಗೆ ಹೋಗಿ ನಿಜ ಹೇಳಿ ಪಟ್ಟಿಯಿಂದ ಹೆಸರು ತೆಗೆಸಿಕೊಂಡೆ. ಬಾಟಲಿಯನ್ನು ಮಾತ್ರ ನಡೆದವಳಿಗೇ ಕೊಟ್ಟೆ. ಗಡಿಯಾರವೂ ಈಗ ಅವಳ ಕೈಯಲ್ಲೇ ಇದೆ. ಅವಳ ನಾಡಿ ತಿರುವನಂತಪುರಕ್ಕೆ ಹೋಗುತ್ತದೆ, ವಿಶಾಲು ಅವಳಿಗೆ ಮಾತ್ರೆಯ ನೆನಪು ಮಾಡುತ್ತಾಳೆ. ಈಗ ಚೇಚಿ ನಮ್ಮ ಮನೆಯ ಅಡಿಗೆಯನ್ನು ಮಾತ್ರ ಮಾಡುತ್ತಾಳೆ, ಬಕೆಟ್ಟು ನನ್ನ ಪಾಲಿನದು. ಬೆಳಿಗ್ಗೆ ಅವಳು ಬಂದ ಕೂಡಲೇ ನಾನು ಊಣು ಕಳಿಞ್ಞೋ ಎನ್ನುವುದಿಲ್ಲ, ಕಾಪ್ಪಿ ಕುಡಿಚ್ಚೋ ಎನ್ನುತ್ತೇನೆ. ಅವಳು ಕುಡಿದೆ ಎನ್ನುತ್ತಾಳೆ. ನಾನು ಮುಖ ನೋಡಿ, ಎರಡು ಲೋಟಕ್ಕೆ ಹಾಲಿಡುತ್ತೇನೆ.

ಯಂತ್ರವನ್ನು ಹೊಗಳಬೇಕೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಮನಸ್ಸು ಒಪ್ಪುವುದಿಲ್ಲ. ಅದು ಎದೆ ತಪ್ಪಿದೆ ಎಂದಿತು, ಸರಿ. ಯಾರ ಎದೆ ಎಂದು ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವನು ನಾನು, ದಿನವೂ ಅವಳ ಪಕ್ಕದಲ್ಲೇ ಮೆಟ್ಟಿಲು ಇಳಿಯುತ್ತಿದ್ದವನು. ನನ್ನ ಸಿಟ್ಟು ಗಡಿಯಾರದ ಮೇಲೋ ನನ್ನ ಮೇಲೋ ಎಂದು ಇನ್ನೂ ತೀರ್ಮಾನವಾಗಿಲ್ಲ.

ಮೊನ್ನೆ ಮಧ್ಯಾಹ್ನ ಬ್ಯಾಂಕಿನಲ್ಲಿ ಕೆಲಸ ಕುತ್ತಿಗೆಗೆ ಬಂದಿತ್ತು. ಒಂದೂವರೆಗೆ ವಿಶಾಲುವಿನ ಫೋನು.

"ಊಟ ಆಯ್ತಾ?"

ಮೇಜಿನ ಮೇಲೆ ಕಾಗದದ ರಾಶಿ, ಎದುರಿಗೆ ಇಬ್ಬರು ಕಾಯುತ್ತಿದ್ದರು. ನಾನು ತಲೆ ಎತ್ತದೆ "ಆಯ್ತು" ಎಂದೆ.

ನನ್ನ ಮಣಿಕಟ್ಟು ಬರಿದಾಗಿತ್ತು, ತಟ್ಟೆಯ ಫೋಟೊ ಯಾವುದೂ ಹೋಗಿರಲಿಲ್ಲ.

"ಸುಳ್ಳು" ಎಂದಳು. "ಡಬ್ಬಿ ತೆಗೀರಿ. ನಾನು ಫೋನ್ ಇಡಲ್ಲ."

ತೆಗೆದೆ. ಮುಚ್ಚಳದ ಸದ್ದು ಕೇಳಿಸಿಕೊಂಡ ಮೇಲೆಯೇ ಅವಳು ಫೋನಿಟ್ಟಳು.